ಅಗ್ಗದ ಜೆಟ್ ಎಷ್ಟು ಅಗ್ಗ? ಎಕ್ಲಿಪ್ಸ್ 500ರ ಹಿಂದಿನ ಸೀಟಿನಿಂದ ಒಂದು ವಿಮರ್ಶೆ

ನಮ್ಮ ಮಾಲೀಕರಿಗೆ ಜೆಟ್ ವಿಮಾನ ಬೇಕಂತೆ. ಬಾಡಿಗೆಯದಲ್ಲ, ಸ್ವಂತದ್ದು. ಅವರು ಬೇಕು ಎಂದದ್ದಕ್ಕೆಲ್ಲ ಮೊದಲು ಬೇಡ ಎಂದು ಹೇಳಿ ಆಮೇಲೆ ಲೆಕ್ಕ ನೋಡುವುದು ನನ್ನ ಕೆಲಸ. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಜವಳಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಹಣಕಾಸು ವಿಭಾಗವನ್ನು ನೋಡಿಕೊಳ್ಳುತ್ತೇನೆ. ಹುಟ್ಟೂರು ದಾವಣಗೆರೆ, ಅಪ್ಪ ಅಲ್ಲಿನ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹತ್ತಿ, ನೂಲು, ಜಿಪುಣತನ ಮೂರೂ ನನಗೆ ಮನೆಯಿಂದಲೇ ಬಂದವು.

ಕೊಳ್ಳುವ ಮೊದಲು ಬಳಸಿ ನೋಡೋಣ ಎಂದು ಅವರನ್ನು ಒಪ್ಪಿಸಿ, ಒಂದು ಚಳಿಗಾಲದ ಮಟ್ಟಿಗೆ ಎಕ್ಲಿಪ್ಸ್ 500 ಎಂಬ ಪುಟ್ಟ ಜೆಟ್ ಅನ್ನು ಡ್ರೈ ಲೀಸ್ ಮೇಲೆ ತೆಗೆದುಕೊಂಡೆವು. ಅಂದರೆ ವಿಮಾನ ಅದರ ಒಡೆಯರದು. ಪೈಲಟ್, ಇಂಧನ ಮತ್ತು ತಲೆನೋವು ನಮ್ಮವು. ವಿಮಾನಗಳ ವಿಮರ್ಶೆಯನ್ನು ಸಾಮಾನ್ಯವಾಗಿ ಪೈಲಟ್‌ಗಳು ಬರೆಯುತ್ತಾರೆ, ಏರುವ ವೇಗವನ್ನೂ ಕಾಕ್‌ಪಿಟ್‌ನ ಪರದೆಗಳನ್ನೂ ಹೊಗಳಿ ಮುಗಿಸುತ್ತಾರೆ. ನಾನು ಹಿಂದಿನ ಸೀಟಿನಲ್ಲಿ ಕುಳಿತವಳು, ಬಿಲ್ಲುಗಳಿಗೆ ಸಹಿ ಹಾಕಿದವಳು. ನನಗೆ ಕಂಡದ್ದು ಬೇರೆ.

ಇಂಥ ವಿಮಾನ ಯಾರಿಗೆ ಬೇಕು ಎಂಬುದಕ್ಕೆ ಟುಪೆಲೊ ಉದಾಹರಣೆ ಸಾಕು. ಮಿಸಿಸಿಪ್ಪಿ ರಾಜ್ಯದ ಈ ಊರು ಎಲ್ವಿಸ್ ಪ್ರೀಸ್ಲಿಯ ಹುಟ್ಟೂರೆಂದು ಲೋಕಕ್ಕೆ ಗೊತ್ತು. ನಮ್ಮಂಥವರಿಗೆ ಅದು ಸೋಫಾ ಮತ್ತು ಮೆತ್ತೆ ಕುರ್ಚಿಗಳ ಊರು, ಬಟ್ಟೆಗೆ ಬೇಡಿಕೆ ಇರುವ ಊರು. ಗ್ರೀನ್‌ವಿಲ್‌ನಿಂದ ಅಲ್ಲಿಗೆ ಹೋಗಬೇಕಾದರೆ ಅಟ್ಲಾಂಟಾದಲ್ಲಿ ವಿಮಾನ ಬದಲಿಸಿ, ಮೆಂಫಿಸ್‌ನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಎರಡು ಗಂಟೆಯ ದಾರಿ ಸವೆಸಬೇಕು. ಬೆಳಗಿನ ಜಾವ ಮನೆ ಬಿಟ್ಟವರು ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುತ್ತೇವೆ, ರಾತ್ರಿ ಹೋಟೆಲ್, ಮರುದಿನವೂ ಅರ್ಧ ಹೋಯಿತು. ಎಕ್ಲಿಪ್ಸ್‌ನಲ್ಲಿ ಊರೊಳಗಿನ ಸಣ್ಣ ವಿಮಾನ ನಿಲ್ದಾಣದಿಂದ ಹೊರಟರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ. ಟುಪೆಲೊದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದಿರುವುದರಿಂದ ಏಳಕ್ಕೆ ಹೊರಟವರು ಏಳೂಕಾಲಿಗೆ ಅಲ್ಲಿರುತ್ತೇವೆ! ಸಂಜೆ ಮಕ್ಕಳ ಹೋಂವರ್ಕ್ ನೋಡಲು ಮನೆಗೆ ಬಂದಿರುತ್ತೇನೆ.

ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ. ಏರ್‌ಲೈನ್‌ಗಳು ಮುಟ್ಟುವುದು ಅವುಗಳಲ್ಲಿ ಹತ್ತನೆಯ ಒಂದು ಪಾಲನ್ನು. ಉಳಿದ ಕಡೆ ಒಂದು ರನ್‌ವೇ, ಒಂದು ಇಂಧನದ ಪಂಪು, ಒಂದು ಚಿಕ್ಕ ಕಟ್ಟಡ ಇರುತ್ತದೆ. ಆ ಕಟ್ಟಡ ನಡೆಸುವವರು ನಮ್ಮನ್ನು ನೆಂಟರಂತೆ ಬರಮಾಡಿಕೊಂಡು ಕಾಫಿ, ಬಿಸ್ಕತ್ತು ಕೊಡುತ್ತಾರೆ. ಕೆಲವೆಡೆ ಒಂದು ಹಳೆಯ ಕಾರಿನ ಕೀಲಿಯನ್ನೂ ಕೊಡುತ್ತಾರೆ. ಅದಕ್ಕೆ ಬಾಡಿಗೆ ಇಲ್ಲ, ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸಿದರಾಯಿತು. ಸಾಲು ಇಲ್ಲ, ತಪಾಸಣೆ ಇಲ್ಲ. ಈ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ವಿಮಾನ. ಉದ್ದ ಸುಮಾರು 10 ಮೀಟರ್. ಒಳಗಿನ ಎತ್ತರ 1.27 ಮೀಟರ್, ಅಗಲ 1.42 ಮೀಟರ್. ಐದಡಿ ಎರಡಂಗುಲದ ನಾನೂ ಬಗ್ಗಿಯೇ ಒಳಗೆ ಹೋಗಬೇಕು, ಆರಡಿಯ ಮಾಲೀಕರ ಪಾಡು ಕೇಳುವುದೇ ಬೇಡ. ಒಳಗೆ ಕುಳಿತರೆ ಊರಿನಲ್ಲಿ ಮದುವೆಗೆ ಹೋಗುತ್ತಿದ್ದ ಮಾರುತಿ ವ್ಯಾನ್ ನೆನಪಾಗುತ್ತದೆ. ಎಲ್ಲರೂ ಹತ್ತಿ ಕುಳಿತ ಮೇಲೆ ಯಾರೂ ಅಲ್ಲಾಡುವಂತಿಲ್ಲ. ಪೈಲಟ್ ಸೇರಿ ಆರು ಸೀಟು ಎಂದು ಕಾಗದದಲ್ಲಿದೆ. ನಾಲ್ವರು ಕುಳಿತರೆ ಹಿತ. ಸೀಟುಗಳು ಒಳ್ಳೆಯವು, ಎಂಜಿನ್‌ಗಳು ಹಿಂದಿರುವುದರಿಂದ ಮೆಲುದನಿಯಲ್ಲಿ ಮಾತನಾಡಬಹುದು. ಸಾಮಾನಿಗೆ ಹೊರಗೆ ಪ್ರತ್ಯೇಕ ಖಾನೆ ಇಲ್ಲ. ಹಿಂದಿನ ಸೀಟುಗಳ ಬೆನ್ನಿಗಿರುವ ಜಾಗವೇ ಗತಿ. ನಮ್ಮ ಮಾದರಿ ಬಿಡಿಭಾಗಗಳ ಉಕ್ಕಿನ ಪೆಟ್ಟಿಗೆ ಅಲ್ಲಿ ಹಿಡಿಸಲಿಲ್ಲ, ಬಟ್ಟೆಯ ಚೀಲಕ್ಕೆ ಬದಲಿಸಿದೆವು.

ಶೌಚಾಲಯ ಇಲ್ಲ.

ಈ ಎರಡು ಪದಗಳನ್ನು ಮಾರಾಟದ ಕರಪತ್ರದಲ್ಲಿ ಹುಡುಕಬೇಡಿ, ಕೊಳ್ಳುವವರು ಮಾತ್ರ ಮೊದಲು ಕೇಳಬೇಕಾದದ್ದು ಇದನ್ನೇ. ಟುಪೆಲೊಗೆ ಹೋಗುವಾಗ ಅದು ಪ್ರಶ್ನೆಯೇ ಅಲ್ಲ. ಎರಡು ಗಂಟೆ ದಾಟಿದರೆ ಅದೊಂದೇ ಪ್ರಶ್ನೆ. ಬೆಳಿಗ್ಗೆ ಕಾಫಿ ಬಿಟ್ಟು ವಿಮಾನ ಹತ್ತುವ ಅಭ್ಯಾಸ ನಮ್ಮ ತಂಡದಲ್ಲಿ ಯಾರೂ ಹೇಳದೆಯೇ ಬೆಳೆಯಿತು.

ಇಷ್ಟು ಚಿಕ್ಕದಾಗಿ ಇದನ್ನು ಮಾಡಿದ್ದೇಕೆ ಎಂಬುದರ ಹಿಂದೆ ಒಂದು ದೊಡ್ಡ ಪಣ ಇದೆ. ವರ್ನ್ ರಾಬರ್ನ್ ಎಂಬವರು ಮೈಕ್ರೋಸಾಫ್ಟ್‌ನ ಆರಂಭದ ದಿನಗಳಲ್ಲಿ ಅಲ್ಲಿ ದುಡಿದವರು. 1998ರಲ್ಲಿ ಎಕ್ಲಿಪ್ಸ್ ಏವಿಯೇಷನ್ ಸ್ಥಾಪಿಸಿ, ಬಳಿಕ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಕಾರ್ಖಾನೆ ತೆರೆದರು. ಬಿಲ್ ಗೇಟ್ಸ್ ಕೂಡ ಹಣ ಹಾಕಿದ್ದರು. ಕಂಪ್ಯೂಟರ್ ಬೆಲೆ ಇಳಿದಂತೆ ಜೆಟ್‌ನ ಬೆಲೆಯೂ ಇಳಿಯಬೇಕು, ಒಂದು ವಿಮಾನ 10 ಲಕ್ಷ ಡಾಲರ್‌ಗಿಂತ ಕಡಿಮೆಗೆ ಸಿಗಬೇಕು ಎಂಬುದು ಅವರ ಹಟ. ಆ ಕಾಲದಲ್ಲಿ ಹೊಸ ಸಣ್ಣ ಜೆಟ್‌ಗಳ ಬೆಲೆ ಅದರ ಮೂರು ನಾಲ್ಕು ಪಟ್ಟು ಇತ್ತು. ಆ ಬೆಲೆ ಸಾಧ್ಯವಾಗಬೇಕಾದರೆ ಎರಡು ಸಂಗತಿ ಕೈಗೂಡಬೇಕಿತ್ತು: ತೀರಾ ಹಗುರವಾದ ಎಂಜಿನ್, ಮತ್ತು ವರ್ಷಕ್ಕೆ ನೂರಾರು ವಿಮಾನಗಳ ತಯಾರಿಕೆ.

ಎಂಜಿನ್ ಮೊದಲು ಕೈಕೊಟ್ಟಿತು. ನಾಸಾದ ಒಂದು ಯೋಜನೆಯಿಂದ ಹುಟ್ಟಿದ ವಿಲಿಯಮ್ಸ್ ಇಜೆ22 ಎಂಜಿನ್ ಸುಮಾರು 85 ಪೌಂಡ್ ತೂಗಿ 770 ಪೌಂಡ್ ತಳ್ಳುಬಲ ಕೊಡಬೇಕಿತ್ತು. 2002ರ ಆಗಸ್ಟ್‌ನಲ್ಲಿ ಮೊದಲ ಹಾರಾಟ ನಡೆಯಿತು, ಆ ವರ್ಷ ಮುಗಿಯುವ ಮೊದಲೇ ಆ ಎಂಜಿನ್ ಕೈಬಿಟ್ಟರು. ಪ್ರಾಟ್ ಅಂಡ್ ವಿಟ್ನಿ ಕೆನಡಾದ ಪಿಡಬ್ಲ್ಯು610ಎಫ್ ಬಂತು. 900 ಪೌಂಡ್ ತಳ್ಳುಬಲ, ಜೊತೆಗೆ ಹೆಚ್ಚು ತೂಕ, ಮರುವಿನ್ಯಾಸ, ಹೋದ ವರ್ಷಗಳು. ನಾವು ಹಾರಿದ್ದು ಈ ಎಂಜಿನ್‌ಗಳ ಮೇಲೆಯೇ. ಅವುಗಳ ಬಗ್ಗೆ ನನ್ನ ಪೈಲಟ್‌ಗೆ ಒಂದೇ ಒಂದು ದೂರು ಇರಲಿಲ್ಲ, ಅವರು ದೂರು ಹೇಳುವುದರಲ್ಲಿ ಹಿಂದೆ ಬೀಳುವವರಲ್ಲ.

ತಯಾರಿಕೆಯಲ್ಲಿ ನಿಜವಾದ ಜಾಣತನ ಇತ್ತು. ಅಲ್ಯೂಮಿನಿಯಂ ಹಾಳೆಗಳನ್ನು ಸಾವಿರಾರು ರಿವೆಟ್ ಹೊಡೆದು ಜೋಡಿಸುವ ಬದಲು, ತಿರುಗುವ ಉಪಕರಣದ ಉಜ್ಜುವಿಕೆಯ ಬಿಸಿಯಿಂದ ಲೋಹವನ್ನು ಮೆದುವಾಗಿಸಿ ಬೆಸೆದರು. ಇದು ರಿವೆಟ್‌ಗಿಂತ ಎಷ್ಟೋ ವೇಗದ ಕೆಲಸ. 2005ನೇ ಸಾಲಿನ ಕಾಲಿಯರ್ ಟ್ರೋಫಿ, ಅಂದರೆ ಅಮೆರಿಕದ ವಿಮಾನಯಾನದ ಅತಿ ದೊಡ್ಡ ಗೌರವ, ಇವರಿಗೆ ಬಂತು. 2006ರ ಸೆಪ್ಟೆಂಬರ್‌ನಲ್ಲಿ ವಿಮಾನ ಹಾರಾಟಕ್ಕೆ ಯೋಗ್ಯ ಎಂಬ ಸರ್ಕಾರದ ಪೂರ್ಣ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಬೆಲೆ ಏರುತ್ತಲೇ ಹೋಗಿ 2008ರ ಹೊತ್ತಿಗೆ 21.5 ಲಕ್ಷ ಡಾಲರ್ ಮುಟ್ಟಿತ್ತು.

ನೂರಾರು ವಿಮಾನ ಯಾರು ಕೊಳ್ಳುತ್ತಾರೆ? ಇದಕ್ಕೆ ಉತ್ತರವಾಗಿ ಬಂದದ್ದು ಫ್ಲಾರಿಡಾದ ಡೇಜೆಟ್. ಸಿಟ್ರಿಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕ ಎಡ್ ಯಾಕೊಬುಚ್ಚಿ ಕಟ್ಟಿದ ಈ ಕಂಪನಿ ಇಡೀ ವಿಮಾನವನ್ನಲ್ಲ, ಒಂದೊಂದು ಸೀಟನ್ನು ಮಾರುತ್ತಿತ್ತು. ನೀವು ಹೊರಡುವ ಸಮಯವನ್ನು ಬಿಗಿಯಾಗಿ ಹೇಳಿದರೆ ದರ ಹೆಚ್ಚು. ಬೆಳಿಗ್ಗೆಯಿಂದ ಸಂಜೆಯೊಳಗೆ ಯಾವಾಗ ಬೇಕಾದರೂ ಸರಿ ಎಂದರೆ ದರ ಕಡಿಮೆ. ಯಾರನ್ನು ಯಾರ ಜೊತೆ ಕೂರಿಸಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. ಹಣಕಾಸಿನವಳಾಗಿ ಹೇಳುತ್ತೇನೆ, ಇದು ಸೊಗಸಾದ ಯೋಚನೆ, ಇಂದಿಗೂ ನನಗೆ ಅದರ ಮೇಲೆ ಮೋಹ. 2007ರ ಅಕ್ಟೋಬರ್‌ನಲ್ಲಿ ಆರಂಭವಾದ ಸೇವೆ 2008ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಆಗ ಅವರ ಬಳಿ ಇದ್ದದ್ದು 28 ವಿಮಾನ. ನೂರಾರು ವಿಮಾನಗಳ ಜಾಲಕ್ಕೆಂದು ಹೆಣೆದ ಲೆಕ್ಕ 28ರಲ್ಲಿ ಹೇಗೆ ಕೂಡೀತು? ಆ ಶರತ್ಕಾಲದಲ್ಲಿ ಸಾಲ ಕೊಡುವ ಬ್ಯಾಂಕೂ ಇರಲಿಲ್ಲ. ನವೆಂಬರ್‌ನಲ್ಲಿ ಎಕ್ಲಿಪ್ಸ್ ಕೂಡ ದಿವಾಳಿ ಅರ್ಜಿ ಹಾಕಿತು. ಒಟ್ಟು ತಯಾರಾದದ್ದು ಸುಮಾರು 260 ವಿಮಾನ.

ಈ ಇತಿಹಾಸ ಕೊಳ್ಳುವವನಿಗೆ ಏಕೆ ಬೇಕು ಎಂದು ನಮ್ಮ ಮಾಲೀಕರೂ ಕೇಳಿದರು. ಕಾರಣ ಇದೆ. ಆತುರದಲ್ಲಿ ಹೊರಬಂದ ಮೊದಲ ವಿಮಾನಗಳು ಅರೆಬೆಂದಿದ್ದವು. ರೆಕ್ಕೆಯ ಮೇಲೆ ಹಿಮ ಕಟ್ಟಿಸುವ ಮೋಡಗಳಲ್ಲಿ ಹಾರಲು ಅನುಮತಿ ಸಿಕ್ಕಿದ್ದು 2008ರಲ್ಲಿ. ಕಾಕ್‌ಪಿಟ್‌ನ ಎಲೆಕ್ಟ್ರಾನಿಕ್ಸ್ ಪೂರೈಸುವವರನ್ನೇ ನಡುವೆ ಬದಲಿಸಿದ್ದರು. ಒಳಗೆ ಕಟ್ಟಿದ ಜಿಪಿಎಸ್ ಸಿದ್ಧವಾಗದೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಿಕ್ಕಿಸಿಕೊಂಡು ಹಾರಿದವರಿದ್ದಾರೆ. 2008ರ ಜೂನ್‌ನಲ್ಲಿ ಶಿಕಾಗೊದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಒಂದು ಎಕ್ಲಿಪ್ಸ್ ಇಳಿಯುತ್ತಿದ್ದಾಗ ಥ್ರಾಟಲ್ ಅನ್ನು, ಅಂದರೆ ಎಂಜಿನ್‌ನ ಬಲ ಹೆಚ್ಚು ಕಡಿಮೆ ಮಾಡುವ ಹಿಡಿಕೆಯನ್ನು, ಜೋರಾಗಿ ಮುಂದೆ ತಳ್ಳಿದ್ದರಿಂದ ಅದು ಎಂಜಿನ್‌ಗೆ ಕಳಿಸುವ ಸಂಕೇತ ಮಿತಿ ಮೀರಿ, ಎರಡೂ ಎಂಜಿನ್‌ಗಳು ಪೂರ್ಣ ಬಲದಲ್ಲೇ ಸಿಕ್ಕಿಕೊಂಡವು. ಯಾರಿಗೂ ಗಾಯವಾಗಲಿಲ್ಲ, ಆಮೇಲೆ ಸರಿಪಡಿಸಿದರು. ಕಂಪನಿ ಮುಳುಗಿದಾಗ ಕಾರ್ಖಾನೆಯಿಂದ ಸಿಗಬೇಕಿದ್ದ ಸುಧಾರಣೆಗಳೂ ಬಿಡಿಭಾಗಗಳೂ ನಿಂತವು. 2009ರಲ್ಲಿ ಹೊಸ ಹೂಡಿಕೆದಾರರು ಅವಶೇಷವನ್ನು ಕೊಂಡು, ಹಳೆಯ ವಿಮಾನಗಳನ್ನು ಸುಧಾರಿಸಿ, ಎಕ್ಲಿಪ್ಸ್ 550 ಎಂಬ ಹೊಸದನ್ನೂ ತಂದರು. ಅದರ ಮುಂದಿನ ರೂಪವಾದ ಒನ್ ಏವಿಯೇಷನ್ 2018ರಲ್ಲಿ ಮತ್ತೆ ದಿವಾಳಿ. ಆ ಬಳಿಕ ಇನ್ನೊಬ್ಬ ಒಡೆಯರು.

ಹೀಗಾಗಿ ಎಕ್ಲಿಪ್ಸ್ 500 ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಯಲ್ಲಿ ಬೇರೆ ಬೇರೆ ವಿಮಾನಗಳಿವೆ ಎಂದೇ ತಿಳಿಯಿರಿ. ಎಲ್ಲ ಸುಧಾರಣೆಗಳೂ ಆಗಿರುವ ವಿಮಾನಕ್ಕೂ ಅರ್ಧ ಆಗಿರುವುದಕ್ಕೂ ಬೆಲೆಯಲ್ಲಿ ದೊಡ್ಡ ಅಂತರ ಇದೆ, ಇರಲೇಬೇಕು. ನಾವು ಲೀಸ್‌ಗೆ ಪಡೆದದ್ದು ಪೂರ್ತಿ ಸುಧಾರಿಸಿದ್ದು. ಅಗ್ಗದ ಜೆಟ್ ಕೊಳ್ಳುವವನು ಲೋಹವನ್ನಷ್ಟೇ ಕೊಳ್ಳುವುದಿಲ್ಲ. ಮುಂದಿನ ಹತ್ತು ವರ್ಷ ಫೋನ್ ಎತ್ತಿ ಬಿಡಿಭಾಗ ಕಳಿಸುವವರು ಯಾರು ಎಂಬುದನ್ನೂ ಕೊಳ್ಳುತ್ತಾನೆ. ನಮ್ಮ ಬಿಡಿಭಾಗದ ವ್ಯಾಪಾರ ನಿಂತಿರುವುದೂ ಇದೇ ಮಾತಿನ ಮೇಲೆ, ಆದರೆ ಮಾಲೀಕರಿಗೆ ವಿಮಾನದ ಫೋಟೊ ನೋಡಿದಾಗ ಅದು ಮರೆತುಹೋಗುತ್ತದೆ.

ಖರ್ಚಿಗೆ ಬರೋಣ. ಗಂಟೆಗೆ ಸುಮಾರು 60 ಗ್ಯಾಲನ್ ಇಂಧನ. ಎರಡು ಎಂಜಿನ್‌ಗಳ ಜೆಟ್‌ಗೆ ಇದು ನಿಜಕ್ಕೂ ಕಡಿಮೆ, ರಾಬರ್ನ್ ಅವರ ಹಟಕ್ಕೆ ಇಲ್ಲಿ ಕೈಮುಗಿಯಬೇಕು. ಆದರೆ ಇಂಧನದ ಬಿಲ್ಲು ಒಟ್ಟು ಖರ್ಚಿನ ಸಣ್ಣ ತಮ್ಮ. ಅಣ್ಣಂದಿರು ಯಾರೆಂದರೆ: ಪೈಲಟ್‌ನ ಸಂಬಳ, ವರ್ಷಕ್ಕೊಮ್ಮೆ ಅವರನ್ನು ಕಳಿಸಬೇಕಾದ ತರಬೇತಿ, ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ, ಎಂಜಿನ್ ಕಂಪನಿಗೆ ಹಾರಿದ ಗಂಟೆಯ ಲೆಕ್ಕದಲ್ಲಿ ಕಟ್ಟುವ ನಿರ್ವಹಣಾ ಕಂತು. ಇವುಗಳಲ್ಲಿ ಬಹುಪಾಲು ವಿಮಾನ ಹಾರಿದರೂ ನಿಂತರೂ ಬರುತ್ತವೆ. ಒಬ್ಬನೇ ಪೈಲಟ್ ಹಾರಿಸಬಹುದು ಎಂಬುದು ಈ ವಿಮಾನದ ದೊಡ್ಡ ಆಕರ್ಷಣೆ. ಕಾನೂನು ಒಪ್ಪುತ್ತದೆ. ನಾನು ಒಪ್ಪುವುದಿಲ್ಲ, ಮೂವರು ಹಿರಿಯ ಅಧಿಕಾರಿಗಳನ್ನು ಮೋಡದೊಳಗೆ ಒಬ್ಬರ ಆರೋಗ್ಯದ ಭರವಸೆಯ ಮೇಲೆ ಕಳಿಸುವುದು ಕಂಪನಿಗೆ ಸಲ್ಲದು. ಎರಡನೆಯ ಪೈಲಟ್ ಬಂದ ಕೂಡಲೇ ಒಂದು ಸೀಟು ಹೋಯಿತು, ಇನ್ನೊಂದು ಸಂಬಳ ಬಂತು.

ಪಕ್ಕದ ಕಾರ್ಖಾನೆಯವರನ್ನು ಜೊತೆಗೆ ಕರೆದೊಯ್ದು ಟಿಕೆಟ್ ದುಡ್ಡು ಪಡೆಯೋಣ ಎಂದು ಮಾಲೀಕರು ಒಂದು ಉಪಾಯ ಹೇಳಿದರು. ಅದಾಗದು. ಕಂಪನಿ ತನ್ನ ಕೆಲಸಕ್ಕೆ ಹಾರುವ ನಿಯಮ ಬೇರೆ, ದುಡ್ಡು ಪಡೆದು ಪರರನ್ನು ಒಯ್ಯುವ ನಿಯಮ ಬೇರೆ. ಎರಡನೆಯದಕ್ಕೆ ಸರ್ಕಾರದಿಂದ ಪ್ರತ್ಯೇಕ ಪರವಾನಗಿ ಬೇಕು. ತೆರಿಗೆಯ ಆಸೆಯನ್ನೂ ಅವರಿಗೆ ಯಾರೋ ತೋರಿಸಿದ್ದರು: 2017ರ ಕಾಯ್ದೆ ಬಂದ ಮೇಲೆ ಬಳಸಿದ ವಿಮಾನಕ್ಕೂ ಮೊದಲ ವರ್ಷವೇ ಪೂರ್ತಿ ಸವಕಳಿ ತೋರಿಸುವ, ಅಂದರೆ ಇಡೀ ಬೆಲೆಯನ್ನು ಖರ್ಚೆಂದು ಆದಾಯದಿಂದ ಕಳೆಯುವ ಅವಕಾಶ ಸಿಕ್ಕಿದ್ದು ನಿಜ. ಡಾಲರ್‌ಗೆ ಇಪ್ಪತ್ತೊಂದು ಸೆಂಟ್ ತೆರಿಗೆ ಉಳಿಸಲು ಒಂದು ಡಾಲರ್ ಖರ್ಚು ಮಾಡುವವರಿಗೆ ನಾನು ಹೇಳುವುದೇನೂ ಇಲ್ಲ.

ಲೆಕ್ಕವೆಲ್ಲ ಮುಗಿಸಿ ನೋಡಿದಾಗ ನಮ್ಮಂಥ ಕಂಪನಿ ವರ್ಷಕ್ಕೆ 200 ಗಂಟೆಯಾದರೂ ಹಾರದಿದ್ದರೆ ಸ್ವಂತ ವಿಮಾನದ ಮಾತೆತ್ತಬಾರದು. ನಾವು ಅದರ ಹತ್ತಿರವೂ ಇಲ್ಲ. ಹಾಗೆಂದು ಚಾರ್ಟರ್, ಅಂದರೆ ಬೇಕೆಂದಾಗ ಪೈಲಟ್ ಸಮೇತ ವಿಮಾನವನ್ನು ಬಾಡಿಗೆಗೆ ಪಡೆಯುವುದು, ಸಾಧುಪ್ರಾಣಿ ಎಂದುಕೊಳ್ಳಬೇಡಿ. ಹಿಂದೆ ಒಬ್ಬ ದಲ್ಲಾಳಿ ನಮಗೆ ಹೇಳಿದ ದರಕ್ಕೂ ಕಳಿಸಿದ ಬಿಲ್ಲಿಗೂ ಸಂಬಂಧವೇ ಇರಲಿಲ್ಲ: ಖಾಲಿ ವಿಮಾನ ನಮ್ಮೂರಿಗೆ ಬಂದದ್ದಕ್ಕೆ ದುಡ್ಡು, ಪೈಲಟ್‌ಗಳ ರಾತ್ರಿ ವಸತಿಗೆ ದುಡ್ಡು, ರೆಕ್ಕೆಯ ಮೇಲಿನ ಮಂಜು ತೆಗೆಯಲು ದ್ರವ ಸಿಂಪಡಿಸಿದ್ದಕ್ಕೆ ಸಾವಿರಾರು ಡಾಲರ್. ಆಗಿನಿಂದ ಎಲ್ಲವೂ ಸೇರಿದ ದರವನ್ನು ಬರವಣಿಗೆಯಲ್ಲಿ ಕೊಡದವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ಎಕ್ಲಿಪ್ಸ್‌ನ ಮಿತಿ ತಿಳಿದದ್ದು ಟೆಕ್ಸಸ್‌ನ ಲರೇಡೊಗೆ ಹೋದಾಗ. ಗಡಿಯಾಚೆ ಮೆಕ್ಸಿಕೊದಲ್ಲಿ ನಮ್ಮ ಗ್ರಾಹಕರಿದ್ದಾರೆ. ನಾಲ್ವರೊಡನೆ 1,100 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್) ಹಾರುತ್ತದೆ ಎಂದು ಕಾಗದ ಹೇಳುತ್ತದೆ, ಲರೇಡೊ ಅದಕ್ಕಿಂತ ಹತ್ತಿರವೇ. ಕಾಗದದಲ್ಲಿ ಗಾಳಿ ಬೀಸುವುದಿಲ್ಲ. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೊರಟರೆ ಎದುರುಗಾಳಿ ಗಂಟೆಗೆ ನೂರು ನಾಟಿಕಲ್ ಮೈಲಿ ಮೀರಬಹುದು, 370 ನಾಟ್, ಅಂದರೆ ಗಂಟೆಗೆ 370 ನಾಟಿಕಲ್ ಮೈಲಿ ವೇಗದ ವಿಮಾನಕ್ಕೆ ಅದು ಕಾಲು ಭಾಗಕ್ಕಿಂತ ಹೆಚ್ಚಿನ ಪೆಟ್ಟು. ಟ್ಯಾಂಕ್ ತುಂಬಿಸಿದರೆ ಜನ ಕಡಿಮೆಯಾಗಬೇಕು, ಜನ ತುಂಬಿಸಿದರೆ ಇಂಧನ ಕಡಿಮೆಯಾಗಬೇಕು. ಹೊರಡುವ ಹಿಂದಿನ ದಿನ ಪೈಲಟ್ ಎಲ್ಲರ ತೂಕ ಕೇಳಿದರು. ಮಾಲೀಕರು ಹೇಳಿದ ಸಂಖ್ಯೆ ಕೇಳಿ ಅವರು ಏನೂ ಮಾತನಾಡದೆ ಹದಿನೈದು ಪೌಂಡ್ ಸೇರಿಸಿ ಬರೆದುಕೊಂಡರು. ಲೂಸಿಯಾನಾದಲ್ಲಿ ಇಳಿದು ಇಂಧನ ತುಂಬಿಸಿ, ಇನ್ನೊಂದು ಅಗತ್ಯವನ್ನೂ ತೀರಿಸಿಕೊಂಡು ಮುಂದೆ ಹೋದೆವು. ಡಲ್ಲಾಸ್ ಮೂಲಕ ಏರ್‌ಲೈನ್‌ನಲ್ಲಿ ಹೋಗಿದ್ದರೆ ಉಳಿಯುತ್ತಿದ್ದ ಹಣಕ್ಕೂ, ಜೆಟ್‌ನಿಂದ ಉಳಿದ ಸಮಯಕ್ಕೂ ತಾಳೆ ಹಾಕಿದೆ. ತಾಳೆ ಆಗಲಿಲ್ಲ.

ಬೇರೆ ಆಯ್ಕೆಗಳಿವೆ. ನಮ್ಮ ನೆರೆಯ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ತಯಾರಾಗುವ ಹೋಂಡಾಜೆಟ್ ಅನ್ನು ಒಮ್ಮೆ ಚಾರ್ಟರ್‌ನಲ್ಲಿ ನೋಡಿದೆ. ಅದರ ಶಿಲ್ಪಿ ಮಿಚಿಮಾಸ ಫುಜಿನೊ ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಕಂಬದಂಥ ಆಧಾರದಲ್ಲಿ ಕೂರಿಸಿದ್ದಾರೆ. ಎಂಜಿನ್‌ನ ಭಾರ ಹೊರುವ ಚೌಕಟ್ಟು ಹಿಂಬದಿಯಲ್ಲಿ ಬೇಡವಾದ್ದರಿಂದ ಒಳಗೆ ಜಾಗ ಉಳಿದಿದೆ. ಆ ಜಾಗದಲ್ಲಿ ಬಾಗಿಲಿರುವ ಶೌಚಾಲಯ ಇದೆ, ಸಾಮಾನಿಗೆ ದೊಡ್ಡ ಖಾನೆ ಇದೆ. ವೇಗ 420 ನಾಟ್ ದಾಟುತ್ತದೆ. 2015ರ ಕೊನೆಯಲ್ಲಿ ಪ್ರಮಾಣಪತ್ರ ಬಂದಾಗ ಬೆಲೆ 45 ಲಕ್ಷ ಡಾಲರ್, ಈಗ ಇನ್ನೂ ಮೇಲೆ. ಇದು ಒಳ್ಳೆಯ ವಿಮಾನ, ಅಗ್ಗದ ವಿಮಾನವಲ್ಲ. ಬ್ರೆಜಿಲ್‌ನ ಎಂಬ್ರಾಯರ್ ಮಾಡುವ ಫೆನಮ್ 100 ಕೂಡ ಇದೇ ಪಂಕ್ತಿಯದು.

ಮಿನೆಸೋಟದ ಸಿರಸ್ ಕಂಪನಿಯ ವಿಷನ್ ಜೆಟ್ ಬೇರೆಯೇ ದಾರಿ ಹಿಡಿಯಿತು. ಒಂದೇ ಎಂಜಿನ್, ಅದೂ ವಿಲಿಯಮ್ಸ್‌ನದೇ. ಎಕ್ಲಿಪ್ಸ್‌ಗಿಂತ ನಿಧಾನ, 300 ನಾಟ್ ಆಸುಪಾಸು. ಆದರೆ ಇಡೀ ವಿಮಾನವನ್ನು ತೂಗಿ ಇಳಿಸುವ ಪ್ಯಾರಾಶೂಟ್ ಇದೆ, 2020ರಿಂದ ಒಂದು ಗುಂಡಿಯೂ ಇದೆ: ಪೈಲಟ್ ಪ್ರಜ್ಞೆ ತಪ್ಪಿದರೆ ಪ್ರಯಾಣಿಕರೇ ಒತ್ತಬಹುದು, ವಿಮಾನ ತಾನೇ ಹತ್ತಿರದ ಸೂಕ್ತ ನಿಲ್ದಾಣ ಹುಡುಕಿ ಇಳಿಯುತ್ತದೆ. 2016ರಲ್ಲಿ ಪ್ರಮಾಣಪತ್ರ ಪಡೆದ ಈ ಜೆಟ್ ಸುಮಾರು 20 ಲಕ್ಷ ಡಾಲರ್‌ಗೆ ಹೊರಬಂತು, ಎಕ್ಲಿಪ್ಸ್ ಒಟ್ಟು ತಯಾರಾದದ್ದರ ಎರಡು ಪಟ್ಟಿಗಿಂತ ಹೆಚ್ಚು ಮಾರಾಟವಾಗಿದೆ. ಎಂಜಿನ್ ಒಂದೇ ಎಂದು ಮೂಗು ಮುರಿದಿದ್ದ ನಮ್ಮ ಪೈಲಟ್ ಈಗ ಅದರ ತರಬೇತಿಯ ಶುಲ್ಕ ವಿಚಾರಿಸುತ್ತಿದ್ದಾರೆ. ರಾಬರ್ನ್ ಬೇಗ ಬೇಗ ಸಾವಿರ ವಿಮಾನ ಮಾಡಿ ಅಗ್ಗವಾಗಿಸಲು ಹೊರಟರು. ಸಿರಸ್ ತನ್ನ ಸಣ್ಣ ಪ್ರೊಪೆಲರ್ ವಿಮಾನಗಳ ಒಡೆಯರಿಗೆ ಮುಂದಿನ ಮೆಟ್ಟಿಲು ಕಟ್ಟಿಕೊಟ್ಟಿತು. ಕೊಳ್ಳುವವರು ಮೊದಲೇ ಇದ್ದರು.

ನನ್ನ ವರದಿಯಲ್ಲಿ ಬರೆದದ್ದು ಇಷ್ಟು. ಎಕ್ಲಿಪ್ಸ್ 500 ಮೂವರು ಪ್ರಯಾಣಿಕರಿಗೆ, 500 ಮೈಲಿಯೊಳಗೆ, ಏರ್‌ಲೈನ್ ಹೋಗದ ಊರುಗಳಿಗೆ ಬಹಳ ಒಳ್ಳೆಯ ವಿಮಾನ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದೇ ವಿಮಾನವನ್ನು ಲರೇಡೊಗೆ ಒಯ್ದರೆ ಎರಡು. ಖರೀದಿ ಬೇಡ. ಟುಪೆಲೊ ಮಾರ್ಗಕ್ಕೆ ಲೀಸ್ ಮುಂದುವರಿಯಲಿ, ಎರಡು ಪೈಲಟ್‌ಗಳೊಡನೆ. ಅಷ್ಟರ ಮೇಲೂ ಕೊಳ್ಳಲೇಬೇಕು ಎನ್ನುವವರು ಸುಧಾರಣೆಗಳ ಪಟ್ಟಿಯನ್ನು ಒಂದೊಂದಾಗಿ ಲಾಗ್‌ಬುಕ್ ಜೊತೆ ಹೋಲಿಸಿ ನೋಡಲಿ. ಮುಂಗಡವನ್ನು ಮಾರುವವನ ಕೈಗೆ ಕೊಡದೆ ಮಧ್ಯಸ್ಥರ ಖಾತೆಯಲ್ಲಿಡಲಿ. ತಪಾಸಣೆಗೆ ಈ ಮಾದರಿ ಬಲ್ಲ, ಮಾರುವವನಿಗೆ ನಂಟಿಲ್ಲದ ಕಾರ್ಯಾಗಾರವನ್ನು ತಾವೇ ಆರಿಸಲಿ.

ಮಾಲೀಕರು ವರದಿ ಓದಿ ಸಹಿ ಹಾಕಿದ್ದಾರೆ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಯನ್ನೂ ಬರೆದಿದ್ದಾರೆ: ಬಳಸಿದ ಹೋಂಡಾಜೆಟ್ ಎಷ್ಟಕ್ಕೆ ಸಿಗುತ್ತದೆ?